ಬಲಗಾಲಿನ ಸಾಕ್ಷಿ

ಹನ್ನೊಂದು ವಾರಗಳಲ್ಲಿ ಹೊಲಿಗೆ ವಿಭಾಗದ ಆರುನೂರ ನಲವತ್ತು ಹೆಂಗಸರ ಕಾಲುಗಳಿಂದ ಬಂದದ್ದು ಒಂದೇ ಒಂದು ಹಳದಿ ಸಂಕೇತ. ವಿಚಾರಿಸಿದಾಗ ಅದೂ ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದು ಹುಣ್ಣಾದದ್ದು ಎಂದು ಗೊತ್ತಾಯಿತು. ಇಂಚರಳಿಗೆ ಇದನ್ನು ನಂಬಲಾಗಲಿಲ್ಲ.

ಮದ್ದೂರಿನಾಚೆ ಹೆದ್ದಾರಿಯ ಪಕ್ಕದಲ್ಲಿದ್ದ ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳ ಕೆಲಸ ನಿಗಾ ಕೊಠಡಿಯಲ್ಲಿ ಕುಳಿತು ಕಾಲ್ಪಟ್ಟಿಗಳನ್ನು ಗಮನಿಸುವುದು. ಕಾಲ್ಪಟ್ಟಿ ಎಂದರೆ ಮೊಣಕಾಲಿನ ಕೆಳಗೆ ಮೀನಖಂಡದ ಸುತ್ತ ಕಟ್ಟುವ, ಮೂರು ಬೆರಳಗಲದ ಬಟ್ಟೆಯ ಪಟ್ಟಿ. ಅದರೊಳಗೆ ಹೊಲಿದಿದ್ದ ಸಣ್ಣ ಮಣಿಗಳು ಚರ್ಮದೊಳಕ್ಕೆ ಮಂದ ಬೆಳಕನ್ನೂ ಕಿವಿಗೆ ಕೇಳಿಸದ ಶಬ್ದವನ್ನೂ ಕಳಿಸಿ, ಮರಳಿ ಬಂದದ್ದನ್ನು ಅಳೆಯುತ್ತಿದ್ದವು. ಕಾಲಿಗಿಳಿದ ರಕ್ತ ಹೃದಯಕ್ಕೆ ಹಿಂದಿರುಗಬೇಕಾದದ್ದು ಸಿರೆಗಳ ಮೂಲಕ, ಅದೂ ಮೇಲ್ಮುಖವಾಗಿ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಬಿಡುವುದರಿಂದಲೇ ಅದು ಮೇಲೇರುತ್ತದೆ. ಕಾಲು ಗಂಟೆಗಟ್ಟಲೆ ಅಲುಗದಿದ್ದರೆ ರಕ್ತ ಮಡುಗಟ್ಟುತ್ತದೆ, ಸಿರೆಯ ಒಳಗೋಡೆ ಕೆರಳಿ ಉರಿಯೂತ ಶುರುವಾಗುತ್ತದೆ, ಉರಿಯೂತವಿದ್ದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಚರ್ಮಕ್ಕೆ ಹತ್ತಿರದ ಸಿರೆಯಾದರೆ ಹೆಚ್ಚಾಗಿ ನೋವು, ಕೆಂಪು, ಹಗ್ಗದಂಥ ಗಂಟು. ಒಳಗಿನ ದೊಡ್ಡ ಸಿರೆಯಾದರೆ ಹೆಪ್ಪಿನ ಚೂರು ಕಿತ್ತು ಶ್ವಾಸಕೋಶ ಸೇರಿ ಪ್ರಾಣವನ್ನೇ ತೆಗೆಯಬಹುದು. ನೋವು ಕಾಣಿಸಿಕೊಳ್ಳುವುದಕ್ಕೆ ಎರಡು ಮೂರು ವಾರ ಮೊದಲೇ ಕಾಲ್ಪಟ್ಟಿ ಸಿರೆಯ ಗೋಡೆ ದಪ್ಪವಾಗುವುದನ್ನು ಹಿಡಿಯುತ್ತಿತ್ತು. ಸರಿಯಿದ್ದರೆ ಹಸಿರು ಚುಕ್ಕೆ, ಅನುಮಾನವಿದ್ದರೆ ಹಳದಿ, ಅಪಾಯವಾದರೆ ಕೆಂಪು.

ಇಸ್ತ್ರಿ ಮತ್ತು ಪ್ಯಾಕಿಂಗ್ ವಿಭಾಗಗಳ ಮುನ್ನೂರು ಜನರಿಂದ ವಾರಕ್ಕೆ ಒಂದೆರಡು ಹಳದಿ ತಪ್ಪದೆ ಬರುತ್ತಿದ್ದವು. ಅದರ ಎರಡರಷ್ಟು ಜನರಿದ್ದ ಹೊಲಿಗೆಯಿಂದ ಏನೂ ಇಲ್ಲ. ಕಾಯಿಲೆ ಕಡಿಮೆಯಾಗಬಹುದು, ಇಷ್ಟು ಅಚ್ಚುಕಟ್ಟಾಗಿ ಇಲ್ಲವಾಗುವುದಿಲ್ಲ ಎಂದು ಇಂಚರ ಓದಿದ ವಿಜ್ಞಾನ ಅವಳಿಗೆ ಹೇಳುತ್ತಿತ್ತು. ಯಾರೋ ಸುಳ್ಳು ಹೇಳುತ್ತಿದ್ದಾರೆ, ಯಾರೆಂದು ಗೊತ್ತಿಲ್ಲ, ಅಷ್ಟೇ.

ಗೊತ್ತುಮಾಡಿಕೊಳ್ಳಲು ಅವಳಿಗೆ ಇದ್ದದ್ದು ಶುಕ್ರವಾರದವರೆಗೆ ಸಮಯ. ಅಂದು ಅವಳು ಮೂರು ತಿಂಗಳ ವರದಿಗೆ ಸಹಿ ಹಾಕಬೇಕಿತ್ತು. ಹೊಲಿಗೆ ವಿಭಾಗ ಸುರಕ್ಷಿತ ಎಂದು ವರದಿ ಹೋದರೆ, ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಲು ಅಲ್ಲಿನವರಿಗಿದ್ದ ಬಿಡುವು ರದ್ದಾಗಲಿತ್ತು.

ಆ ಆರುನೂರ ನಲವತ್ತರಲ್ಲಿ ಒಬ್ಬಳು ಅವಳ ಅತ್ತಿಗೆ ಕೋಮಲ. ಮದ್ದೂರಿನಲ್ಲಿ ಅಣ್ಣ ಅತ್ತಿಗೆಯ ಮನೆಯಲ್ಲೇ ಇಂಚರ ಇದ್ದದ್ದು. ಹದಿನಾಲ್ಕು ವರ್ಷಗಳಿಂದ ಒಂಬತ್ತನೇ ಲೈನಿನಲ್ಲಿ ಅಂಗಿಯ ಕಾಲರು ಕೂರಿಸುತ್ತಿದ್ದ ಕೋಮಲ ಸೋಮವಾರ ಬೆಳಿಗ್ಗೆ ಒಲೆಯ ಮುಂದಿನಿಂದ ಬಾಗಿಲಿಗೆ ಬರುವಾಗ ಕುಂಟಿದ್ದನ್ನು ಇಂಚರ ನೋಡಿದಳು.

ಕೇಳಿದರೆ, ಮೊನ್ನೆ ಬಚ್ಚಲಲ್ಲಿ ಕಾಲು ಜಾರಿತು ಎಂದಳು. ಅದೇ ಮಾತನ್ನು ಅಣ್ಣನಿಗೆ ಹೇಳುವಾಗ ಮೊನ್ನೆ ಎನ್ನುವುದು ನಿನ್ನೆಯಾಗಿತ್ತು. ಇಂಚರ ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಕಾಲು ತೋರಿಸಿ ಎಂದಳು. ಕೋಮಲ ಸೀರೆಯ ನೆರಿಗೆಯನ್ನು ಒಂದು ಕಡೆ ಮಾತ್ರ ಮೊಣಕಾಲಿನವರೆಗೆ ಎತ್ತಿದಳು. ಪಟ್ಟಿಯ ಮೇಲೆ ಹಸಿರು ಚುಕ್ಕೆ.

"ತಗಾ, ನೋಡ್ಕೊ. ಹಸುರು ಅದೆ. ಆ ರೂಮಲ್ ಕೂತ್ಕಂಡು ದಿನಾ ನಮ್ಮೆಲ್ರು ಕಾಲೂ ನೋಡ್ತೀಯ, ಮನೇಲೂ ಬಿಡಕಿಲ್ವಾ?"

ಮೀನಖಂಡ ಸಪೂರವಾಗಿತ್ತು. ಊತವಿಲ್ಲ, ಕೆಂಪಿಲ್ಲ, ಉಬ್ಬಿದ ಸಿರೆಯಿಲ್ಲ. ಆದರೆ ಕಾರ್ಖಾನೆಯ ಬಸ್ಸಿಗೆ ಹತ್ತುವಾಗ ಕೋಮಲ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಮೈಯನ್ನು ಎಳೆದುಕೊಂಡಳು.

ನಿಗಾ ಕೊಠಡಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ರಿಯಾಜ್. ಚನ್ನಪಟ್ಟಣದವನು, ಮಾತುಗಾರ. ಹೊಲಿಗೆಯವರ ಹಳದಿಯನ್ನು ಯಾರಾದರೂ ಮಧ್ಯದಲ್ಲೇ ತಡೆಯುತ್ತಿದ್ದಾರೆಯೇ ನೋಡು ಎಂದು ಇಂಚರ ಅವನಿಗೆ ಹೇಳಿದಳು.

"ಎಲ್ರೂ ಕೆಟ್ಟ ಸುದ್ದಿ ಬಂದ್ರೆ ತನಿಖೆ ಮಾಡ್ತಾರೆ, ನೀವು ಒಳ್ಳೆ ಸುದ್ದೀಗೂ ಪೋಸ್ಟ್‌ಮಾರ್ಟಂ ಮಾಡ್ತೀರಲ್ಲ ಮೇಡಂ," ಎಂದವನು ಮಧ್ಯಾಹ್ನದವರೆಗೆ ಹುಡುಕಿದ. ಪಟ್ಟಿಯಿಂದ ಕೊಠಡಿಯವರೆಗೆ ದಾರಿಯಲ್ಲಿ ಯಾರೂ ಕೈ ಹಾಕಿರಲಿಲ್ಲ. ಆಮೇಲೆ ಇಂಚರ ಅವನನ್ನೇ ಅನುಮಾನಿಸಿದಳು. ಅವನು ಊಟಕ್ಕೆ ಹೋದಾಗ ಅದೇ ಪರೀಕ್ಷೆಯನ್ನು ತಾನೇ ಇನ್ನೊಮ್ಮೆ ಮಾಡಿದಳು. ಉತ್ತರ ಬದಲಾಗಲಿಲ್ಲ.

ಹಾಗಾದರೆ ಹೆಂಗಸರೇ ಇರಬೇಕು. ಅವರಿಗೆ ಕಾರಣವೂ ಇತ್ತು. ಹಳದಿ ಬಂದವಳನ್ನು ಎರಡು ವಾರ ದಾರ ಕತ್ತರಿಸುವ ಮೇಜಿಗೆ ಕಳಿಸಿ ಕಾಲು ಮೇಲಿಟ್ಟುಕೊಂಡು ಕೂರಲು ಬಿಡಬೇಕೆಂಬ ನಿಯಮವಿತ್ತು. ಅಷ್ಟರಲ್ಲಿ ತನ್ನ ಮೆಷಿನ್ನಿನಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ ಎಂಬ ಭಯ ಎಲ್ಲರಿಗೂ ಇತ್ತು. ನೋವು ಬಂದವಳು ಪಟ್ಟಿಯನ್ನು ಬಿಚ್ಚಿ ಆರೋಗ್ಯವಾಗಿರುವ ಮಗಳಿಗೋ ಗೆಳತಿಗೋ ಕಟ್ಟುತ್ತಿರಬಹುದೇ? ಆದರೆ ಕಾಲ್ಪಟ್ಟಿ ಕಟ್ಟಿದ ಮೊದಲ ಮೂರು ದಿನಗಳಲ್ಲಿ ಆ ಕಾಲಿನ ಸಿರೆಗಳ ಕವಲುಗಳನ್ನು ನಕ್ಷೆಯಾಗಿ ಕಲಿತುಬಿಡುತ್ತಿತ್ತು. ಬೆರಳಚ್ಚಿನಂತೆ ಅದು ಒಂದು ಕಾಲಿಗೆ ಒಂದು. ಬೇರೆ ಕಾಲಿಗೆ ಕಟ್ಟಿದರೆ ನೇರಳೆ ಬೆಳಕು ಬಂದು, ಕಟ್ಟಿಸಿಕೊಂಡವಳ ಮೇಲೆ ಮೋಸದ ದೂರು ದಾಖಲಾಗುತ್ತಿತ್ತು. ಮಂಗಳವಾರವಿಡೀ ಇಂಚರ ಆರುನೂರ ನಲವತ್ತು ನಕ್ಷೆಗಳನ್ನು ಒಂದಕ್ಕೊಂದು ಹೋಲಿಸಿದಳು. ಒಂದೂ ಎರಡು ಸಲ ಇರಲಿಲ್ಲ. ಯಾರೂ ಯಾರಿಗೂ ಪಟ್ಟಿ ಕೊಟ್ಟಿರಲಿಲ್ಲ.

ಉಳಿದವನು ಎಚ್.ಆರ್. ಅಧಿಕಾರಿ ಧರಣೇಂದ್ರ. ಬುಧವಾರ ಅವನ ಬಳಿ ಹೋಗಿ, ಹೊಲಿಗೆ ವಿಭಾಗದ ಅಂಕಿಗಳು ತನಗೆ ಸರಿ ಕಾಣುತ್ತಿಲ್ಲ, ಸಹಿಗೆ ಇನ್ನೊಂದು ವಾರ ಬೇಕು ಎಂದಳು. ಅವನು ಮೇಜಿನ ಮೇಲಿದ್ದ ತಟ್ಟೆಯನ್ನು ಅವಳತ್ತ ಸರಿಸಿ, ಚಕ್ಕುಲಿ ತಗೊಳ್ಳಿ ಎಂದ.

"ಕಾಯಿಲೆ ಇಲ್ಲ ಅಂದ್ರೆ ದೇವ್ರಿಗೆ ಕೈ ಮುಗೀಬೇಕು. ಕಾಯಿಲೆ ಯಾಕಿಲ್ಲ ಅಂತ ಕೇಳೋರನ್ನ ನಾನು ನೋಡಿರಲಿಲ್ಲ."

ಅವನ ನಗೆಯಲ್ಲಿ ಏನೋ ಇದೆ ಎಂದು ಇಂಚರಳಿಗೆ ಅನಿಸಿತು. ಎರಡು ದಿನಗಳಿಂದ ಅವಳಿಗೆ ಎಲ್ಲರ ನಗೆಯಲ್ಲೂ ಏನೋ ಇರುವಂತೆ ಕಾಣುತ್ತಿತ್ತು.

ಅಂದು ಸಂಜೆ ಮನೆಯಲ್ಲಿ ಅವಳು ಅತ್ತಿಗೆಯ ಚೀಲವನ್ನು ತೆಗೆದು ನೋಡಿದಳು. ಹಾಗೆ ಮಾಡಬಾರದೆಂದು ಗೊತ್ತಿತ್ತು. ಬೆಳಿಗ್ಗೆ ತುಂಬಿದ ನೀರಿನ ಬಾಟಲಿ ತುಂಬಿದಂತೆಯೇ ವಾಪಸು ಬಂದಿತ್ತು. ಕೋಮಲ ಅಡುಗೆಮನೆಯಿಂದ ಬಂದು ಕಂಡಳು, ಬೈಯಲಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕು, ಬಿಡುವಿದೆಯೆಂದು ಎದ್ದು ಹೋದರೂ ಕಾಲರುಗಳು ಗುಡ್ಡೆ ಬೀಳುತ್ತವೆ, ಗುಡ್ಡೆ ಬಿದ್ದರೆ ಮುಂದಿನವಳು ಬಾಯಿಗೆ ಬಂದಂತೆ ಅನ್ನುತ್ತಾಳೆ, ಲೈನಿನಲ್ಲಿ ಯಾರೂ ಕುಡಿಯುವುದಿಲ್ಲ ಎಂದು ವಿವರಿಸಿದಳು. ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ, ಸಿರೆಗೆ ಅದೂ ಒಳ್ಳೆಯದಲ್ಲ ಎಂದು ಇಂಚರ ಹೇಳಿದಳು.

"ಮಂದ ಆಗಿದ್ರೆ ನಿನ್ ಪಟ್ಟಿ ಹೇಳ್ತಿತ್ತಲ್ಲ," ಎಂದಳು ಕೋಮಲ.

ಕಾರ್ಖಾನೆಯಲ್ಲೂ ಎಲ್ಲರ ಬಾಯಲ್ಲಿ ಇದೇ ಮಾತಾಗಿತ್ತು. ಕಾಲ್ಪಟ್ಟಿ ಬಂದ ಮೇಲೆ ಕಾಲು ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುವುದು ನಿಂತು, ಪಟ್ಟಿ ಏನು ಹೇಳುತ್ತದೆ ಎಂದು ಕೇಳುವುದು ರೂಢಿಯಾಗಿತ್ತು. ಹಸಿರು ಚುಕ್ಕೆ ಹೊತ್ತು ನೋವೆಂದು ದವಾಖಾನೆಗೆ ಹೋದ ಇಬ್ಬರನ್ನು, ಕೆಲಸಗಳ್ಳಿಯರೆಂದು ನರ್ಸು ವಾಪಸು ಕಳಿಸಿದ್ದಳಂತೆ. ಆಮೇಲೆ ಮೂರನೆಯವಳೆಂದು ಯಾರೂ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಇಂಚರ ಬಣ್ಣಗಳನ್ನು ಬಿಟ್ಟು, ಪಟ್ಟಿಗಳು ಕಳಿಸುವ ಮೂಲ ರೇಖೆಗಳನ್ನೇ ತೆರೆದಳು. ಸಿರೆಯೊಳಗೆ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂಬುದನ್ನು ಆ ರೇಖೆಗಳು ತೋರಿಸುತ್ತಿದ್ದವು. ಇಸ್ತ್ರಿಯವರ ರೇಖೆ ಚಪ್ಪಟೆ, ಆಗೊಮ್ಮೆ ಈಗೊಮ್ಮೆ ಅಲೆ. ಪ್ಯಾಕಿಂಗಿನವರದೂ ಹಾಗೆಯೇ. ಹೊಲಿಗೆಯವರ ರೇಖೆಯಲ್ಲಿ ಮಾತ್ರ ಕೆಲವು ಸೆಕೆಂಡುಗಳಿಗೊಮ್ಮೆ ಎತ್ತರದ ಮುಳ್ಳು, ಸ್ವಲ್ಪ ನಿಲುಗಡೆ, ಮತ್ತೆ ಮುಳ್ಳು. ರಕ್ತ ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ, ಕೂತಲ್ಲೇ ಕೂತವರ ಕಾಲುಗಳಲ್ಲ, ದಿನವಿಡೀ ನಡೆಯುತ್ತಿರುವವರ ಕಾಲುಗಳು ಇವು ಅನಿಸುವಂತಿತ್ತು.

ಅವಳು ಮೊದಲನೇ ಲೈನಿನಿಂದ ಹದಿನಾರನೇ ಲೈನಿನವರೆಗೆ ನೋಡಿದಳು. ಪ್ರತಿಯೊಬ್ಬರಲ್ಲೂ ಅದೇ ಮುಳ್ಳು. ಅವಳ ಬಲಗಾಲು ಮೇಜಿನ ಕೆಳಗೆ, ತನಗೆ ತಾನೇ, ಒಮ್ಮೆ ಒತ್ತಿ ಬಿಟ್ಟಿತು.

ಹೊಲಿಗೆ ಮೆಷಿನ್ನಿನ ಪೆಡಲನ್ನು ಒತ್ತುವುದು ಬಲಗಾಲು. ಪಟ್ಟಿಗಳು ಇದ್ದದ್ದೂ ಆ ಕಾಲಿಗೇ.

ಅವಳು ಮೆಟ್ಟಿಲಿಳಿದು ಹೊಲಿಗೆ ವಿಭಾಗಕ್ಕೆ ಓಡುವಾಗಲೇ ಕಾಲೇಜಿನಲ್ಲಿ ಕಲಿತ ಅಂಗರಚನೆ ನೆನಪಿಗೆ ಬರುತ್ತಿತ್ತು. ಎಡಗಾಲಿನಿಂದ ಮೇಲೇರುವ ದೊಡ್ಡ ಸಿರೆ ಕಿಬ್ಬೊಟ್ಟೆಯಲ್ಲಿ ಬಲಗಾಲಿಗೆ ಹೋಗುವ ಧಮನಿಯ ಅಡಿಯಲ್ಲಿ ಹಾದುಹೋಗುತ್ತದೆ. ಧಮನಿ ಅದನ್ನು ಬೆನ್ನುಮೂಳೆಗೆ ಒತ್ತುತ್ತಲೇ ಇರುತ್ತದೆ. ಆದ್ದರಿಂದ ಆಳದ ಸಿರೆಯ ಹೆಪ್ಪು ಹೆಂಗಸರಲ್ಲಿ ಎಡಗಾಲಿಗೇ ಹೆಚ್ಚು. ಅದರ ಮೇಲೆ, ಇಲ್ಲಿ ಆ ಎಡಗಾಲಿಗೆ ಕೆಲಸವೇ ಇಲ್ಲ. ದಿನಕ್ಕೆ ಎಂಟು ಗಂಟೆ ಮೆಷಿನ್ನಿನ ಕೆಳಗೆ ಅದು ಸುಮ್ಮನೆ ಮಡಚಿಕೊಂಡಿರುತ್ತದೆ.

ಮೊದಲನೇ ಲೈನಿನ ತುದಿಯಲ್ಲಿದ್ದ ಸಾಕಮ್ಮ ಅಲ್ಲಿನ ಎಲ್ಲರಿಗಿಂತ ಹಳಬಳು. ನೀವೆಲ್ಲ ಬಲಗಾಲಿಗೇ ಯಾಕೆ ಕಟ್ಟಿದಿರಿ ಎಂದು ಇಂಚರ ಕೇಳಿದಾಗ, ಅವಳು ಹೊಲಿಗೆ ನಿಲ್ಲಿಸದೆಯೇ ಉತ್ತರಿಸಿದಳು.

"ಹೊಸ್ದಾಗಿ ಕೊಟ್ಟಿದ್ನ ಎಡಗಾಲ್ಗೆ ಯಾರಾದ್ರೂ ಕಟ್ತರಾ ಮಗಾ? ಶುಕ್ರವಾರ ಪೂಜೆ ಮಾಡಿ, ಅರ್ಶಿನ ಕುಂಕ್ಮ ಇಕ್ಕಿ ಕೊಟ್ರು. ನಾನೇ ಮೊದ್ಲು ಕಟ್ಕಂಡಿದ್ದು. ನನ್ನ ನೋಡ್ಕಂಡು ಎಲ್ರೂ ಕಟ್ಕಂಡ್ರು."

ಇಸ್ತ್ರಿ, ಪ್ಯಾಕಿಂಗಿನವರಿಗೆ ಪಟ್ಟಿ ಕೊಟ್ಟದ್ದು ಮುಂದಿನ ವಾರ, ಪೂಜೆಯಿಲ್ಲದೆ, ಡಬ್ಬಿಯಿಂದ ಎತ್ತಿಕೊಳ್ಳಿ ಎಂದು. ಅವರು ಕೈಗೆ ಸಿಕ್ಕಂತೆ ಕಟ್ಟಿಕೊಂಡಿದ್ದರು. ಪಟ್ಟಿ ತಯಾರಿಸಿದ ಕಂಪನಿಯ ಕೈಪಿಡಿಯಲ್ಲೂ ಯಾವ ಕಾಲಾದರೂ ಆಗುತ್ತದೆ ಎಂದೇ ಬರೆದಿತ್ತು.

ಒಂಬತ್ತನೇ ಲೈನಿನಲ್ಲಿ ಕೋಮಲ ಕಾಲರು ಕೂರಿಸುತ್ತಿದ್ದಳು. ಇಂಚರ ಹತ್ತಿರ ಬಂದು ಎಡಗಾಲು ತೋರಿಸಿ ಎಂದಾಗ, ಎಲ್ಲರ ಮುಂದೆ ಸೀರೆ ಎತ್ತಲೇ ಎಂದು ಸಿಡುಕಿದಳು. ಪಕ್ಕದವರು ಮೆಷಿನ್ನು ನಿಲ್ಲಿಸಿ ತಿರುಗಿದರು. ಇಂಚರ ಮತ್ತೆ ಕೇಳಲಿಲ್ಲ. ನೆಲಕ್ಕೆ ಮಂಡಿಯೂರಿ, ದಾರದ ಚೂರುಗಳ ಮೇಲೆ ತೆವಳಿ ಮೆಷಿನ್ನಿನ ಕೆಳಗೆ ಹೋದಳು.

ಎಡ ಮೀನಖಂಡ ಬಲದ ಒಂದೂವರೆಯಷ್ಟಿತ್ತು. ಒಳಬದಿಯಲ್ಲಿ ಕೆಂಪು ಗೆರೆಯೊಂದು ತೊಡೆಯತ್ತ ಹೋಗಿತ್ತು. ಬೆರಳಿಟ್ಟರೆ ಹಗ್ಗದಂತೆ ಗಟ್ಟಿ, ಹೆಂಚಿನಂತೆ ಬಿಸಿ. ಹಿಮ್ಮಡಿಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಅಲ್ಲಿ ಗುಳಿ ಉಳಿಯಿತು.

"ಎಷ್ಟ್ ದಿನ ಆಯ್ತು ಅತ್ತಿಗೆ?"

ಕೋಮಲ ಮೇಲಿನಿಂದ ಹೇಳಿದಳು. "ಹದ್ನೈದ್ ದಿನ ಆಗಿರ್ಬೋದು. ಪಟ್ಟಿ ಹಸುರೇ ಇತ್ತಲ್ಲ ಕಣೆ. ನಂಗೇ ಏನೋ ಭ್ರಮೆ ಅಂದ್ಕಂಡೆ."

ಇಂಚರ ರಿಯಾಜನಿಗೆ ಫೋನು ಮಾಡಿದಳು. ಪಟ್ಟಿಗಳನ್ನು ಸರಿಹೊಂದಿಸಲು ಕೊಠಡಿಯಲ್ಲಿಟ್ಟಿದ್ದ ಅಂಗೈಯಗಲದ ಅಲ್ಟ್ರಾಸೌಂಡ್ ಯಂತ್ರವನ್ನು ಅವನು ತಂದ. ಈ ಸಲ ಅವನು ತಮಾಷೆ ಮಾಡಲಿಲ್ಲ. ಆರೋಗ್ಯವಾದ ಸಿರೆಯನ್ನು ಮೇಲಿನಿಂದ ಒತ್ತಿದರೆ ಪರದೆಯಲ್ಲಿ ಅದು ಚಪ್ಪಟೆಯಾಗಿ ಮುಚ್ಚಿಕೊಳ್ಳಬೇಕು. ಕೋಮಲಳ ಮೊಣಕಾಲಿನ ಹಿಂದೆ ಆಳದಲ್ಲಿದ್ದ ಸಿರೆ, ಎಷ್ಟು ಒತ್ತಿದರೂ ದುಂಡಗೇ ಉಳಿಯಿತು. ಒಳಗೆ ಹೆಪ್ಪು ತುಂಬಿತ್ತು.

ಅಷ್ಟರಲ್ಲಿ ಧರಣೇಂದ್ರ ಬಂದಿದ್ದ. ಆ ಯಂತ್ರ ರೋಗ ಪತ್ತೆಗೆ ಇರುವುದಲ್ಲ, ಪಟ್ಟಿಯಲ್ಲಿ ಹಳದಿಯೋ ಕೆಂಪೋ ಇಲ್ಲದೆ ಕಾರ್ಖಾನೆಯ ಕಾರು ಆಸ್ಪತ್ರೆಗೆ ಹೋಗುವಂತಿಲ್ಲ, ಅದು ನಿಯಮ ಎಂದು ಮೆಲುದನಿಯಲ್ಲೇ ಹೇಳಿದ. ಕೋಮಲ ಅವನ ಮಾತಿಗೆ ತಲೆಯಾಡಿಸಿ ಏಳಲು ಹೋದಳು. ಎದ್ದವಳಿಗೆ ಉಸಿರು ಸಿಕ್ಕಿಕೊಂಡಿತು. ಎದೆಗೆ ಕೈಯೊತ್ತಿ ಮತ್ತೆ ಕುಳಿತಳು.

ಇಂಚರ ತನ್ನ ಪುಸ್ತಕದಿಂದ ಹಾಳೆ ಹರಿದು, ಪೆನ್ನಿನೊಂದಿಗೆ ಅವನ ಮುಂದೆ ಹಿಡಿದಳು.

"ಸರಿ ಸರ್. ಇವರನ್ನ ಕಳಿಸೋದು ಬೇಡ ಅಂತ ಬರ್ದು, ಕೆಳಗೆ ಸಹಿ ಹಾಕಿ, ಟೈಮೂ ಹಾಕಿ."

ಅವನು ಪೆನ್ನನ್ನು ನೋಡಿದ. ಸುತ್ತ ನಲವತ್ತು ಮೆಷಿನ್ನುಗಳು ನಿಂತಿದ್ದವು. ಆಮೇಲೆ ಜೇಬಿನಿಂದ ಫೋನು ತೆಗೆದು ಚಾಲಕನನ್ನು ಕರೆದ.

ಮಂಡ್ಯದ ಆಸ್ಪತ್ರೆಯಲ್ಲಿ ತೆಗೆದ ಚಿತ್ರಗಳಲ್ಲಿ ಹೆಪ್ಪು ಮೀನಖಂಡದಿಂದ ತೊಡೆಯ ನಡುವಿನವರೆಗೆ ಏರಿತ್ತು. ಸಣ್ಣ ಚೂರೊಂದು ಆಗಲೇ ಬಲ ಶ್ವಾಸಕೋಶವನ್ನು ಸೇರಿತ್ತು. ಇನ್ನೆರಡು ದಿನ ತಡವಾಗಿದ್ದರೆ ಏನನ್ನೂ ಹೇಳಲಾಗುತ್ತಿರಲಿಲ್ಲ ಎಂದ ವೈದ್ಯೆ, ರಕ್ತ ತೆಳುವಾಗಿಸುವ ಔಷಧಿ ಶುರುಮಾಡಿ, ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಳು. ಕೋಮಲ ಮೊದಲು ಇಲ್ಲವೆಂದಳು. ಇಂಚರ ನೋಡುತ್ತಲೇ ಇದ್ದುದರಿಂದ, ತಂಗಿಯ ಮನೆಯ ಗೃಹಪ್ರವೇಶ, ಅದರ ಹಿಂದೆಯೇ ಗೌರಿ ಹಬ್ಬ ಬಂದಿದ್ದರಿಂದ ಮುಟ್ಟು ಮುಂದೂಡಲು ಇಪ್ಪತ್ತೆರಡು ದಿನ ಮಾತ್ರೆ ನುಂಗಿದೆ, ಲೈನಿನಲ್ಲಿ ಹಬ್ಬ ಬಂತೆಂದರೆ ಅರ್ಧ ಜನ ನುಂಗುತ್ತಾರೆ ಎಂದಳು. ಇಂಥ ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸಬಹುದು ಎಂದು ವೈದ್ಯೆ ಬರೆದುಕೊಂಡಳು.

ಶುಕ್ರವಾರ ಇಂಚರ ವರದಿಗೆ ಸಹಿ ಹಾಕಲಿಲ್ಲ. ಪಟ್ಟಿಗಳನ್ನೆಲ್ಲ ಎಡಗಾಲಿಗೆ ಬದಲಾಯಿಸಬೇಕೆಂದು ಬರೆದುಕೊಟ್ಟಳು. ಮೂರು ದಿನ ನಿಗಾ ಕೊಠಡಿಯ ಗೋಡೆಯೆಲ್ಲ ನೇರಳೆಯಾಗಿತ್ತು. ಯಂತ್ರಕ್ಕೆ ಆರುನೂರ ಮೂವತ್ತೊಂಬತ್ತು ಜನರಲ್ಲಿ ಒಬ್ಬರ ಗುರುತೂ ಇರಲಿಲ್ಲ. ನಾಲ್ಕನೆಯ ದಿನ ಹದಿನೇಳು ಹಳದಿ, ಎರಡು ಕೆಂಪು ಬಂದವು. ಕೆಂಪು ಬಂದವರಲ್ಲಿ ಸಾಕಮ್ಮನೂ ಒಬ್ಬಳು. ಅವರನ್ನು ಹೊತ್ತ ಕಾರು ಗೇಟು ದಾಟುವುದನ್ನು ಇಂಚರ ಕಿಟಕಿಯಿಂದ ನೋಡಿದಳು.

ಅಂದೇ ಧರಣೇಂದ್ರ ಒಂದು ಟಿಪ್ಪಣಿ ಹೊರಡಿಸಿದ. ಮೂಢನಂಬಿಕೆಯಿಂದ ಕಾರ್ಮಿಕರು ಪಟ್ಟಿಯನ್ನು ತಪ್ಪಾಗಿ ಕಟ್ಟಿಕೊಂಡಿದ್ದರಿಂದ ಹೀಗಾಯಿತು ಎಂದು ಅದರಲ್ಲಿತ್ತು. ಓದಿದ ಇಂಚರಳಿಗೆ ಸಿಟ್ಟು ಬಂತು. ಅದು ಸುಳ್ಳೆಂದು ತೋರಿಸಲು ಅವಳು ಮೊದಲ ದಿನದ ಕಡತವನ್ನು ಹುಡುಕಿ ತೆಗೆದಳು. ಪಟ್ಟಿ ಕೊಟ್ಟ ದಿನ ಪ್ರತಿಯೊಬ್ಬರಿಂದಲೂ ತುಂಬಿಸಿಕೊಂಡ ಮಾಹಿತಿ ಅದು. ಹೆಸರು, ವಯಸ್ಸು, ಎತ್ತರ, ತೂಕ, ಹೆರಿಗೆಗಳು, ಕೆಲಸದ ವರ್ಷ. ಅವುಗಳ ನಂತರ ಇದ್ದ ಎರಡು ಅಂಕಣಗಳು ಅವಳು ದಿನವೂ ಬಳಸುವ ಕಡತದಲ್ಲಿ ಇರಲಿಲ್ಲ. ಒಂದು ಲಿಂಗ. ಹೊಲಿಗೆ ವಿಭಾಗದಲ್ಲಿ ಎಲ್ಲರೂ ಹೆಂಗಸರು. ಇನ್ನೊಂದು, ಪಟ್ಟಿ ಯಾವ ಕಾಲಿಗೆ ಕಟ್ಟಿದೆ ಎಂಬುದು. ಬಲ, ಬಲ, ಬಲ, ಕೆಳಗೆ ಆರುನೂರ ನಲವತ್ತನೆಯ ಸಾಲಿನವರೆಗೂ ಬಲ.

ಎಲ್ಲ ಸಾಲುಗಳಲ್ಲೂ ಒಂದೇ ಉತ್ತರವಿರುವ ಅಂಕಣ ಏನನ್ನೂ ತಿಳಿಸುವುದಿಲ್ಲ, ಲೆಕ್ಕಾಚಾರಕ್ಕೆ ಮೊದಲು ಅದನ್ನು ತೆಗೆದುಹಾಕಬೇಕು. ಹೀಗೆಂದು ಅವಳಿಗೆ ಕಾಲೇಜಿನಲ್ಲಿ ಕಲಿಸಿದ್ದರು. ಅವಳು ಚೆನ್ನಾಗಿ ಕಲಿತಿದ್ದಳು. ಆ ಎರಡು ಅಂಕಣಗಳನ್ನು ಅಳಿಸಿದವರ ಹೆಸರು, ದಿನಾಂಕ, ಸಮಯ ಕಡತದ ಅಂಚಿನಲ್ಲಿ ದಾಖಲಾಗಿದ್ದವು. ಹನ್ನೆರಡು ವಾರಗಳ ಹಿಂದಿನ ಶನಿವಾರ, ಬೆಳಿಗ್ಗೆ ಹನ್ನೊಂದೂ ಹತ್ತು, ಇಂಚರ ಎಂ.

ಅವಳು ರಿಯಾಜನನ್ನು, ಧರಣೇಂದ್ರನನ್ನು, ಮೆಷಿನ್ನಿನ ಮುಂದೆ ಕೂತ ಪ್ರತಿಯೊಬ್ಬ ಹೆಂಗಸನ್ನು ಅನುಮಾನಿಸಿದ್ದಳು. ಶಂಕಿತರ ಆ ಪಟ್ಟಿಯಲ್ಲಿ ಒಂದು ಹೆಸರನ್ನು ಬಿಟ್ಟಿದ್ದಳು.

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಕೋಮಲ ಒಬ್ಬಳೇ ಇದ್ದಳು. ಎಡಗಾಲು ಎರಡು ದಿಂಬಿನ ಮೇಲಿತ್ತು. ಇಂಚರ ಎಲ್ಲವನ್ನೂ ಹೇಳಿದಳು. ಅಂಕಣ ಎಂದರೇನು, ತಾನು ಅದನ್ನು ಯಾಕೆ ತೆಗೆದೆ, ತೆಗೆಯದಿದ್ದರೆ ಮೊದಲ ವಾರವೇ ಏನು ಕಾಣುತ್ತಿತ್ತು ಎಂಬುದನ್ನೆಲ್ಲ. ಕೋಮಲ ಕೊನೆಯವರೆಗೂ ಕೇಳಿಸಿಕೊಂಡಳು.

"ಅದ್ರಲ್ಲಿ ನಿನ್ ಹೆಸ್ರು ಅದಾ?"

"ಅದೆ."

"ಅಳ್ಸಾಕಾಯ್ತದಾ?"

"ಆಗುತ್ತೆ."

"ಹಂಗಾದ್ರೆ ಅಳ್ಸಾಕು. ಯಾರ್ ನೋಡವ್ರೆ? ಆ ಧರಣೇಂದ್ರಪ್ಪ ಹೆಂಗೂ ನಮ್ ಮ್ಯಾಲೆ ಹಾಕವ್ನೆ, ಹಾಕ್ಕೊಳ್ಲಿ ಬಿಡು. ಸುಮ್ಕೆ ಕೆಲ್ಸ ಕಳ್ಕಬ್ಯಾಡ."

"ಆ ಕಡತಾನ ಬೆಳಿಗ್ಗೆನೇ ಕಳಿಸ್ಬಿಟ್ಟೆ ಅತ್ತಿಗೆ. ನಮ್ ಕಂಪನಿಗೂ, ಕಾಲ್ಪಟ್ಟಿ ಮಾಡಿದೋರಿಗೂ."

ಕೋಮಲ ಬೈಯುತ್ತಾಳೆಂದು ಇಂಚರ ಕಾದಳು. ಅಷ್ಟರಲ್ಲಿ ವಾರ್ಡಿನ ನರ್ಸು ಬಂದು, ತಲೆದೆಸೆಯ ಪರದೆಯಲ್ಲಿದ್ದ ಅಂಕಿಗಳನ್ನು ಬರೆದುಕೊಂಡು, ಎಲ್ಲ ಸರಿಯಿದೆ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು.

"ನೋಯ್ತದೆ ಕಣೆ," ಎಂದಳು ಕೋಮಲ.

ಇಂಚರ ಎದ್ದು ಮಂಚದ ಕಾಲುದೆಸೆಗೆ ಬಂದಳು.

"ಎಲ್ಲಿ ಅಂತ ತೋರ್ಸಿ ಅತ್ತಿಗೆ."